ಎಲ್ಲರೂ ನೀರು ಕುಡಿದ ದಿನ

ಪುಣೆ
೨೨ ಜೂನ್ ೨೦೨೫, ರವಿವಾರ

ಪ್ರೀತಿಯ ಭೀಮವ್ವನಿಗೆ ನಿನ್ನ ಅಂಬಕ್ಕನ ಆಶೀರ್ವಾದಗಳು.

ನೀನು ಒಮ್ಮೆಲೇ ಊರಿಗೆ ಹೊರಟುಹೋದ ಮೇಲೆ ಒಂದು ಸಾಲೂ ಬರೆಯಲಿಲ್ಲ ಎಂದು ಬೈಯಬೇಡ. ನಿನ್ನ ಅಣ್ಣ ಮಹೇಶಕುಮಾರನ ಫೋನಿಗೆ ಮಾಡಿದಾಗಲೆಲ್ಲ "ಹೊಲಕ್ಕ ಹೋಗ್ಯಾಳ್ರಿ" ಎನ್ನುತ್ತಾನೆ. ಇನ್ನೊಬ್ಬರ ಫೋನಿನಲ್ಲಿ ಹೇಳುವ ಸುದ್ದಿಯೂ ಇದಲ್ಲ. ಮೇಲಾಗಿ ನನಗೇ ಮೈಯಲ್ಲಿ ನೆಟ್ಟಗಿರಲಿಲ್ಲ. ಈಗ ಆರಾಮಾಗಿದ್ದೇನೆ.

ಮೊದಲು ಒಳ್ಳೆಯ ಸುದ್ದಿ. ನಮ್ಮ ಫ್ಯಾಕ್ಟರಿಯಲ್ಲಿ ಟೋಕನ್ ಹೋಯಿತು! ಇಡೀ ಹೊಲಿಗೆ ಲೈನಿಗೆ ಒಂದೇ ಒಂದು ಕಟ್ಟಿಗೆ ಬಿಲ್ಲೆ, ಹೋದವಳು ತಂದು ಕೊಟ್ಟರೆ ಮಾತ್ರ ಇನ್ನೊಬ್ಬಳು ಪಾಯಖಾನೆಗೆ ಹೋಗಬೇಕು ಎಂಬ ಆ ಸುಡುಗಾಡು ಪದ್ಧತಿ ಮುಗಿಯಿತು.

ನೀನು ಹೋದ ಮೇಲೆ ನನಗೆ ಉರಿಮೂತ್ರ ಶುರುವಾಗಿ ಜ್ವರ ಬಂತು. ದಿನಕ್ಕೆ ಎಷ್ಟು ನೀರು ಕುಡಿಯುತ್ತೀ ಎಂದು ಡಾಕ್ಟರಬಾಯಿ ಕೇಳಿದರು. ಊಟಕ್ಕೆ ಅರ್ಧ ಲೋಟ ಎಂದೆ. "ಈ ಬಿಸಿಲಲ್ಲಿ?" ಎಂದು ಪೆನ್ನು ಕೆಳಗಿಟ್ಟರು. ಹೊರಗೆ ಬಂದರೆ ನಮ್ಮ ಲೈನಿನ ಆರತಿ ಅದೇ ಬೇನೆಗೆ ಚೀಟಿ ಹಿಡಿದು ಬೆಂಚಿನ ಮೇಲೆ ಕುಳಿತಿದ್ದಳು. ಇಬ್ಬರಿಗೂ ನಗು ಬಂತು, ನಗುತ್ತಲೇ ಕಣ್ಣು ತುಂಬಿದವು.

"ಅಂಬಕ್ಕ, ಎಲ್ಲಾರೂ ಕೂಡಿ ನೀರ ಕುಡದ ಬಿಡೋಣು. ಆ ಸೂಪರ್‌ವೈಜರ್ ಯಾರ್ಯಾರನ್ನ ತಡೀತಾನ ನೋಡೋಣು" ಎಂದಳು ಆರತಿ.

ಬಟ್ಟೆ ಕೊಳ್ಳುವ ಕಂಪನಿಯವರು ಹೊಲಿಗೆ ನೋಡಲು ಬರುವ ದಿನವನ್ನೇ ಗೊತ್ತು ಮಾಡಿದೆವು. ಮರಾಠಿಯವರು, ನಮ್ಮ ಕಡೆಯವರು, ಬಿಹಾರದವರು, ಯಾರೂ ಹಿಂದೆ ಸರಿಯಲಿಲ್ಲ. ಮಶೀನು ಚಾಲೂ ಆಗುವ ಮೊದಲೇ ಬಾಟಲಿ ಎತ್ತಿ ಗಟಗಟ ಕುಡಿದೆವು. ತಣ್ಣೀರಿನ ರುಚಿಯೇ ನನಗೆ ಮರೆತುಹೋಗಿತ್ತು, ಭೀಮವ್ವ.

ಆಮೇಲೆ ಒಬ್ಬೊಬ್ಬರಾಗಿ ಎದ್ದು ಬಾಗಿಲ ಹತ್ತಿರ ಸಾಲು ನಿಂತೆವು. ಸೂಪರ್‌ವೈಜರ್ ಭುಜಂಗ ಓಡಿ ಬಂದ. "ಏನ ನಡಸೀರಿ? ಲೈನ್ ಬಂದ್ ಬೀಳತದ!"

"ನೀರ ಕುಡದೀವ್ರಿ ಸಾಹೇಬ್ರ" ಎಂದೆ. "ಕುಡದ್ರ ಬರತದಲ್ರಿ."

ಅವನು ಬಾಯಿ ತೆರೆಯುವಷ್ಟರಲ್ಲಿ ಆ ಬಟ್ಟೆ ಕೊಳ್ಳುವ ಕಂಪನಿಯ ಖರಾಡಿ ಆಫೀಸಿನಿಂದ ಬಂದಿದ್ದ ಇಂಪನಾ ಎಂಬ ಹುಡುಗಿ ಹತ್ತಿರ ಬಂದಳು. ಮೈಸೂರು ಕಡೆಯವಳು. "ಅಯ್ಯೋ, ನೀವು ಕನ್ನಡದವರಾ? ಯಾಕೆ ಎಲ್ರೂ ಕ್ಯೂ ನಿಂತಿದ್ದೀರಾ?" ಎಂದಳು. ಏನನ್ನೂ ಮುಚ್ಚಿಡದೆ ಹೇಳಿದೆ: ಬಾಯಿ ಒಣಗಿಸಿಕೊಂಡು ಕೂರುವುದು, ಜ್ವರ, ಮುಟ್ಟಿನ ದಿನಗಳ ಗೋಳು. ಅವಳು ತೊಟ್ಟಿದ್ದ ನೀಲಿ ಕುರ್ತಾ ನಮ್ಮ ಲೈನಿನದೇ.

"ಇದೂ ನೀವೇ ಹೊಲ್ದಿದ್ದಾ?"

"ಹೌದ್ರಿ, ತೋಳ ನಾ ಕೂಡಿಸೀನಿ."

ತೋಳನ್ನೊಮ್ಮೆ ಮುಟ್ಟಿ ನೋಡಿಕೊಂಡಳು. ಆಮೇಲೆ ಮ್ಯಾನೇಜರ್ ಮುಂದೆ ಗಟ್ಟಿಯಾಗಿಯೇ ಮಾತಾಡಿದಳು. ಆದರೆ ಅವಳೊಬ್ಬಳಿಂದಲೇ ಆಯಿತು ಎನ್ನಲಾರೆ. ಅವಳು ಹೋದ ಮರುದಿನವೂ, ಅದರ ಮರುದಿನವೂ ನಾವು ಬಾಟಲಿ ತಂದೆವು, ಕುಡಿದೆವು, ಎದ್ದು ನಿಂತೆವು. ಒಂದು ಬೆಳಗ್ಗೆ ನೋಡಿದರೆ ಟೋಕನ್ ತೂಗುಹಾಕುವ ಮೊಳೆಯೇ ಇರಲಿಲ್ಲ.

ಟಾರ್ಗೆಟ್ ಹಾಗೇ ಇದೆ. ಭುಜಂಗನ ಬಾಯಿಯೂ ಹಾಗೇ ಇದೆ. ಆದರೆ ಬೇಕಾದಾಗ ಎದ್ದು ಹೋಗುತ್ತೇವೆ, ಬರುತ್ತೇವೆ. ನನ್ನ ಜ್ವರ ಬಿಟ್ಟಿದೆ. ಆರತಿಯಂತೂ ಮಶೀನಿನ ಮುಂದೆ ಕುಳಿತು ಹಾಡು ಹೇಳುತ್ತಾಳೆ.

ನಿನ್ನ ಜಾಗಕ್ಕೆ ಇನ್ನೂ ಯಾರೂ ಕಾಯಂ ಬಂದಿಲ್ಲ. ಹೊರಡುವ ದಿನ ತಿಳಿಸು, ಸ್ವಾರಗೇಟ್ ಬಸ್ ಸ್ಟ್ಯಾಂಡಿಗೆ ನಾನೇ ಬರುತ್ತೇನೆ. ನಿನ್ನ ಮೈ ಗಟ್ಟಿಯಾಗಿರಲಿ, ಮನಸ್ಸು ಹಗುರಾಗಲಿ.

ನಿನ್ನ
ಅಂಬಕ್ಕ

ತಾ.ಕ.: ತಾಯಿಗೆ ಆರಾಮಿಲ್ಲವೆಂದು ನೀನು ಊರಿಗೆ ಹೋದೆ ಎಂದೇ ಇಲ್ಲಿ ಎಲ್ಲರೂ ನಂಬಿದ್ದಾರೆ. ಹಾಗೇ ನಂಬಿಕೊಂಡಿರಲಿ. ಇಲ್ಲಿ ನಿನ್ನ ಆ ಕೊನೆಯ ದಿನ ನೀನು ಮತ್ತೆ ಮತ್ತೆ ಟೋಕನ್ ಕೇಳಿದ್ದು, ಭುಜಂಗ ಇಲ್ಲವೆಂದದ್ದು ನನ್ನ ಕಿವಿಗೆ ಬಿದ್ದಿತ್ತು. ಗಂಟೆ ಹೊಡೆದು ಎಲ್ಲರೂ ಹೋದರೂ ನೀನು ಕುಳಿತೇ ಇದ್ದೆ. ಚೀಲ ಮರೆತು ನಾನು ಹಿಂದಿರುಗಿದಾಗ, ಸೊಂಟಕ್ಕೆ ದುಪಟ್ಟಾ ಸುತ್ತಿಕೊಂಡು ನೀನು ಹಿಂದಿನ ಬಾಗಿಲಿನಿಂದ ಹೋಗುತ್ತಿದ್ದೆ. ಕರೆದರೆ ಇನ್ನಷ್ಟು ನಾಚುವೆ ಎಂದು ಕರೆಯಲಿಲ್ಲ. ಒದ್ದೆಯಾಗಿದ್ದ ಸ್ಟೂಲನ್ನೂ ನೆಲವನ್ನೂ ನಾನೇ ಒರೆಸಿದೆ. ಬೇರೆ ಯಾರೂ ನೋಡಿಲ್ಲ, ಭೀಮವ್ವ. ನಾಚಬೇಕಾದವಳು ನೀನಲ್ಲ. ಬಾ.