ನೌಫಲನ ಮಗಳಿಗೆ ಸ್ವಾಗತ

ನೌಫಲ್,

ಇವತ್ತು, ಯಾರು ಬೇಕಾದರೂ ಓದಬಹುದಾದ ನಮ್ಮ ಆನ್‌ಲೈನ್ ಟೆನಿಸ್ ಗುಂಪಿಗೆ ಹೊಸಬಳೊಬ್ಬಳು ಸೇರಿದಳು. ಈ ಹುಚ್ಚು ಹತ್ತಿಸಿದವರು ಯಾರೆಂದು ಬಂದವರೆಲ್ಲ ಹೇಳಬೇಕು. ಗುಂಪು ಕಟ್ಟಿದಾಗ ನೀನೇ ಹಾಕಿಕೊಟ್ಟ ಪದ್ಧತಿ.

ಟ್ಯುನೀಷಿಯಾದ ಸ್ಫಾಕ್ಸ್ ಊರಿನಿಂದ ಅವಳು ನನಗೆ ಬರೆದಳು: "ನಮ್ಮಪ್ಪ ನೌಫಲ್. ಆಸ್ಪತ್ರೇಲಿ ಮಲಗಿದ್ದಾಗ್ಲೂ ನಿಮ್ಮ ಹರಟೆ ನನ್ನ ಕೈಲಿ ಓದಿಸ್ಕೊಂಡು ನಗ್ತಿದ್ರು. ಅವರನ್ನ ಇಲ್ಲಿಂದ ತೆಗೆದುಹಾಕಿದ್ದು ಯಾರು ಅಂತ ಮಾತ್ರ ಸಾಯೋವರೆಗೂ ಬಾಯಿಬಿಡ್ಲಿಲ್ಲ. ನಿಮಗೆ ಗೊತ್ತಾ, ಚಿಕ್ಕಪ್ಪ?"

ಯಾವುದೋ ಪಂದ್ಯದಲ್ಲಿ ಚೆಂಡು ಗೆರೆಗೆ ತಾಗಿತೋ ಇಲ್ಲವೋ ಎಂಬ ಜಗಳದಲ್ಲಿ ನಿನ್ನನ್ನು ಹೊರಹಾಕಿದವನು ನಾನು. ನೀನಂದಂತೆ ತಾಗಿತ್ತು, ನೌಫಲ್. ಮರುದಿನವೇ ನನಗದು ಗೊತ್ತಾಗಿತ್ತು.

"ಹುಚ್ಚರ ಸಂತೆಗೆ ಬಾಮ್ಮ ಯುಸ್ರಾ," ಎಂದು ಬರೆದೆ. "ಆದ್ರೆ ಹಳೇ ಜಗಳ ಕೆದಕಬಾರದು. ಅದು ಇಲ್ಲಿನ ನಿಯಮ."

ಅಂಥ ನಿಯಮ ಯಾವತ್ತೂ ಇರಲಿಲ್ಲ. ಅವಳು ನನ್ನ ಕ್ಷಮೆ ಕೇಳಿದಳು.