ರಸೀದಿ ಬೇಡವೆಂದ ಶಾಲೆ

ಬ್ಯಾಡಗಿ,
ಫೆಬ್ರವರಿ 30, 2141

ಪೂಜ್ಯ ಚನ್ನವೀರಪ್ಪಜ್ಜನವರಿಗೆ, ನಿಮ್ಮ ಮರಿಮಗನ ಮೊಮ್ಮಗಳು ಶಿವಲೀಲಾ ಮಾಡುವ ಶರಣಾರ್ಥಿಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ಈಗ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದು ದಿನ ಯಾರ ಲೆಕ್ಕಕ್ಕೂ ಇಲ್ಲ. ನನ್ನ ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಈ ಕಾಗದ ಬರುವುದು ಹಿಂದಂಚೆಯಲ್ಲಿ, ಅಂದರೆ ಕಳೆದ ಕಾಲಕ್ಕೆ ಹೋಗುವ ಟಪಾಲಿನಲ್ಲಿ. ಮನೆಗೆ ಒಂದೇ ಕಾಗದ, ಅದೂ ಜನ್ಮಕ್ಕೊಮ್ಮೆ. ಪಕ್ಕದ ಮನೆಯ ಗೌರವ್ವ ತನ್ನ ಮುತ್ತಜ್ಜಿಗೆ ಬಿಪಿ ಗುಳಿಗೆ ತಪ್ಪಿಸಬೇಡವೆಂದು ಬರೆದಳು. ನಾನು ತೆರಿಗೆ ವಿನಾಯಿತಿಯ ವಿಷಯ ಬರೆಯುತ್ತೇನೆಂದಾಗ, "ನಿನಗ ತಲಿ ಕೆಟ್ಟೈತೇನ?" ಎಂದು ನಕ್ಕಳು.

ನಮ್ಮ ಮೆಣಸಿನಕಾಯಿ ಈಗ ನೆಲದಲ್ಲಿ ಬೆಳೆಯುವುದಿಲ್ಲ, ಮಾಳಿಗೆಹೊಲದಲ್ಲಿ, ಮಹಡಿ ಮೇಲೆ ಮಹಡಿಯಾಗಿ ಬೆಳೆಯುತ್ತದೆ. ಮಾರುಕಟ್ಟೆಯಲ್ಲಿ ಒಬ್ಬರೂ ಸೀನುವುದಿಲ್ಲ. ಮಕ್ಕಳಿಗೆ ಒಂಟಿಪಾಠ: ಮನೆಯಲ್ಲೇ ಒಂದು ಗೋಡೆಯ ಮುಂದೆ ಕೂರುತ್ತಾರೆ, ಗೋಡೆಯೇ ಕಲಿಸುತ್ತದೆ. ಅದಕ್ಕೆ ಎಲ್ಲವೂ ಗೊತ್ತು, ಸಿಟ್ಟೂ ಬರುವುದಿಲ್ಲ. ನಾಲ್ಕು ಮಕ್ಕಳು ಕೂಡಿ ಕೂರುವುದು ದಾನದಿಂದ ನಡೆಯುವ ಶಾಲೆಗಳಲ್ಲಿ ಮಾತ್ರ. ನೀವು ಕಟ್ಟಿದ ಶಾಲೆ ಅಂಥದ್ದು. ಅದು ನಾಳೆ ಮುಚ್ಚುತ್ತದೆ. ಚಾವಣಿ ರಿಪೇರಿಗೂ ದುಡ್ಡಿಲ್ಲ.

ನಿಮ್ಮ ಶಾಲಾ ಕಮಿಟಿ ಸಭೆಯ ಕಥೆಯನ್ನು ನಮ್ಮ ಮನೆಯಲ್ಲಿ ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ. ಆಡಿಟರ್ ಸುಮಂಗಲಾ ಬಂದು, "ಅಜ್ಜಾರ, ವಿನಾಯಿತಿಗೆ ನೋಂದಣಿ ಮಾಡಸೋಣ. ರಸೀದಿ ಕೊಟ್ರ ಕೊಟ್ಟವರ ತೆರಿಗಿ ಕಡಿಮಿ ಆಗ್ತೈತಿ, ಶಾಲಿಗೆ ಇನ್ನಷ್ಟು ಕೊಡ್ತಾರ" ಎಂದಳಂತೆ. ನೀವು, "ಬಲಗೈ ಕೊಟ್ಟಿದ್ದು ಎಡಗೈಗೆ ಗೊತ್ತಾಗಬಾರದವ್ವಾ. ರಸೀದಿ ಕೇಳಿದ್ರ ಅದು ದಾನಲ್ಲ, ಯಾಪಾರ" ಎಂದಿರಂತೆ. ಕಮಿಟಿಯಲ್ಲಿದ್ದ ಮೆಣಸಿನಕಾಯಿ ದಲಾಲರೆಲ್ಲ ಚಪ್ಪಾಳೆ ತಟ್ಟಿದರಂತೆ. ಗೇಟಿನ ಬಳಿ ಗುಪ್ತದಾನದ ಹುಂಡಿ ಬಂತು.

ನಿಮ್ಮ ಗೆಳೆಯರು ಇರುವವರೆಗೆ ಹುಂಡಿ ತುಂಬಿತು. ಅವರ ಮಕ್ಕಳು ಸ್ಟೇಷನ್ ರಸ್ತೆಯ ಶಾಲೆಗೆ ಕೊಡತೊಡಗಿದರು, ಅಲ್ಲಿ ರಸೀದಿ ಸಿಗುತ್ತಿತ್ತು. ಅವರೇನು ಕಂಜೂಸರಲ್ಲ, ಅಜ್ಜಾ. ತೆರಿಗೆಯಲ್ಲಿ ಉಳಿದದ್ದನ್ನೂ ಸೇರಿಸಿ ಮರುವರ್ಷ ಹೆಚ್ಚೇ ಕೊಟ್ಟರು. ಆ ಶಾಲೆ ದೊಡ್ಡ ಠೇವಣಿ ಕೂಡಿಸಿಟ್ಟಿತು. ಮುಂದೆ ಸರ್ಕಾರ ವಿನಾಯಿತಿಯನ್ನೇ ತೆಗೆದುಹಾಕಿದಾಗ ಅವರು ಬಡ್ಡಿಯಲ್ಲಿ ಬದುಕಿಕೊಂಡರು. ನಾವು ಖಾಲಿ ಹುಂಡಿ ಅಲ್ಲಾಡಿಸುತ್ತ ಕೂತೆವು. ಹಳೆಯ ದಾನಿಗಳ ಮನೆಗಾದರೂ ಹೋಗಿ ಕೈಯೊಡ್ಡೋಣವೆಂದರೆ, ಯಾರು ಕೊಟ್ಟಿದ್ದರೆಂಬುದೇ ಯಾರಿಗೂ ಗೊತ್ತಿಲ್ಲ! ನಮ್ಮ ಮಕ್ಕಳನ್ನು ಸ್ಟೇಷನ್ ರಸ್ತೆಯ ಶಾಲೆಗೆ ಸೇರಿಸೋಣವೆಂದರೆ ಅಲ್ಲಿ ಒಂದು ಸೀಟೂ ಖಾಲಿಯಿಲ್ಲ.

ನಿಮ್ಮ ಮೇಲೆ ಸಿಟ್ಟಿದೆ, ಸುಳ್ಳು ಹೇಳಲಾರೆ. ನಿಮ್ಮ ಮನಸ್ಸು ದೊಡ್ಡದಿತ್ತು, ಅದಕ್ಕೇ ಹೊಟ್ಟೆ ಉರಿಯುತ್ತದೆ. ತೆರಿಗೆ ಉಳಿಸಿಕೊಂಡು ಕೊಟ್ಟ ದುಡ್ಡಿನ ಹೆಂಚೂ ಮಳೆಯನ್ನು ತಡೆಯುತ್ತದೆ, ಅಜ್ಜಾ. ಈ ಕಾಗದ ನಿಮ್ಮ ಕೈ ಸೇರಿದ ಮೇಲೆ ಸುಮಂಗಲಾ ಇನ್ನೊಮ್ಮೆ ಬರುತ್ತಾಳೆಂದು ಕೇಳಿದ್ದೇನೆ. ಕೂರಿಸಿ, ಚಹಾ ಕೊಡಿ, ಅವಳು ತೋರಿಸಿದಲ್ಲಿ ಸಹಿ ಮಾಡಿ.

ನನ್ನ ಮಗಳು ಹೊನ್ನಿ ಇಂದು ಶಾಲೆಯಿಂದ ಬಂದವಳು ಪಾಟಿಚೀಲವನ್ನೂ ಇಳಿಸದೆ ಕೇಳಿದಳು: "ಅವ್ವಾ, ನಾಳಿಂದ ಗ್ವಾಡಿ ಜೋಡಿ ಜಗಳಾ ಆಡಾಕ ಬರತೈತೇನ?"

ಅವಳ ಚೀಲ ಇಳಿಸಿ, ಈ ಕಾಗದ ಬರೆಯಲು ಕೂತೆ.