ಹನ್ನೊಂದು ಫೋಟೋಗೆ ಒಂದೇ ಬೆಲ್ಟ್

ಕಟ್ಟಡ ಸುರಕ್ಷತೆಯ ಪರಿಶೀಲನಾಧಿಕಾರಿಗಳೇ,

ನನ್ನ ಅಪ್ಪ ಎರಡನೇ ಮಹಡಿಯ ಅಂಚಿನಿಂದ ಬಿದ್ದದ್ದು ತಮ್ಮ ಕಚೇರಿ ಕೇಳಿದ ಫೋಟೋ ತೆಗೆಯುವಾಗ. ತಮ್ಮ ವರದಿಯಲ್ಲಿ ಕಾರಣ ಎರಡೇ ಪದ: ‘ಕಾರ್ಮಿಕನ ಅಜಾಗರೂಕತೆ’. ನಾನು ಮೊದಲ ವರ್ಷದ ವಿದ್ಯಾರ್ಥಿನಿ, ಹಾಸ್ಟೆಲಿನಲ್ಲಿ ಬೆಳೆದವಳು. ವಾರ್ಡನ್‌ಗೆ ರಜೆ ಅರ್ಜಿ ಬರೆಯುವಾಗಲೂ ಎರಡು ಸಲ ಹರಿದು ಹಾಕುತ್ತೇನೆ. ಇದನ್ನೂ ಹರಿದೆ. ಆದರೂ ಬರೆಯುತ್ತೇನೆ.

ಅಪ್ಪ ಗಾರೆ ಕೆಲಸದವರು. ಆ ಮನೆ ಕಟ್ಟುವ ಜಾಗದಲ್ಲಿ ಜನ ಹನ್ನೊಂದು, ಸೇಫ್ಟಿ ಬೆಲ್ಟ್ ಒಂದು. ಪ್ರತಿಯೊಬ್ಬರೂ ಬೆಲ್ಟ್ ಹಾಕಿ ಅಂಚಿನಲ್ಲಿ ನಿಂತ ಫೋಟೋ ಕಳಿಸಬೇಕೆಂಬುದು ತಮ್ಮ ನಿಯಮ. ಅಲ್ಲಿಗೆ ಬಂದು ನೋಡಬೇಕೆಂಬುದು ಯಾರ ನಿಯಮವೂ ಅಲ್ಲ. ಹಾಗಾಗಿ ತಿಂಗಳಿಗೊಮ್ಮೆ ಎಲ್ಲರೂ ಸಾಲಾಗಿ ನಿಲ್ಲುತ್ತಾರೆ. ಒಬ್ಬ ಹಾಕಿಕೊಳ್ಳುತ್ತಾನೆ, ಮೇಸ್ತ್ರಿ ಫೋಟೋ ಹೊಡೆಯುತ್ತಾನೆ, ಹಾಕಿಕೊಂಡವನು ಬಿಚ್ಚಿ ಮುಂದಿನವನಿಗೆ ಕೊಡುತ್ತಾನೆ. ಇದಕ್ಕೆ ಕಂಪ್ಲಯನ್ಸ್, ಅಂದರೆ ನಿಯಮ ಪಾಲನೆ, ಅನ್ನುತ್ತಾರಂತೆ. ಅವತ್ತು ಅಪ್ಪ ಏಳನೆಯವರು. “ಬೇಗ ಬಿಚ್ಚಣ್ಣ, ಮದುವೆ ಫೋಟೋನಾ ಇದು,” ಅಂದನಂತೆ ಎಂಟನೆಯವನು. ಅಪ್ಪ ನಗುತ್ತಾ ಅಲ್ಲೇ ಬಿಚ್ಚಿ, ಕೊಡಲು ತಿರುಗಿದರು. ಅಂಚಿಗೆ ಅಡ್ಡಕಂಬಿ ಇರಲಿಲ್ಲ. ಸೊಂಟ ಮುರಿಯಿತು.

ಅಪ್ಪ ಬೀಳುವ ಹಿಂದಿನ ತಿಂಗಳು ತಮಗೆ ಬಂದ ಹನ್ನೊಂದು ಫೋಟೋಗಳಲ್ಲೂ ಬೆಲ್ಟಿನ ಮೇಲೆ ಅದೇ ಸಿಮೆಂಟಿನ ಕಲೆ, ಹಿಂದೆ ಅದೇ ಕಂಬಿಯಿಲ್ಲದ ಅಂಚು. ಕಚೇರಿಯಲ್ಲಿ ಒಬ್ಬರಿಗೂ ಕಾಣಲಿಲ್ಲವೇ? ಅಥವಾ ಫೈಲು ತುಂಬಿದರೆ ಸಾಕೇ? ಅಜಾಗರೂಕತೆ ಅಂದರೆ ಯಾವುದು ಸರ್, ಹೇಳಿದಂತೆ ಕೇಳಿದ್ದಾ, ನೋಡದೆ ಸೀಲು ಒತ್ತಿದ್ದಾ?

ಈಗ ಅಪ್ಪನಿಗೆ ಬಚ್ಚಲಿಗೆ ಹೋಗಿಬರುವುದೇ ಒಂದು ಪ್ರಯಾಣ. “ಹುಷಾರು ರೀ, ಜಾರುತ್ತೆ,” ಅಂತ ಅಮ್ಮ. “ಇಲ್ಲಿಂದ ಇನ್ನೆಷ್ಟು ಕೆಳಗೆ ಬೀಳ್ತೀನಿ ಬಿಡೇ,” ಅಂತ ಅಪ್ಪ. ಪಕ್ಕದ ಮನೆಯ ಪ್ಲಂಬರ್ ಮಾಮ ಎಲ್ಲೋ ಉಳಿದಿದ್ದ ಪೈಪು ತಂದು, ಅರ್ಧ ಗಂಟೆಯಲ್ಲಿ ಬಚ್ಚಲ ಗೋಡೆಗೆ ಹಿಡಿಕೆ ಕೂರಿಸಿ, ಟೀ ಕುಡಿದು ಹೋದರು. ಬಾಡಿಗೆ ಮನೆಯ ಬಚ್ಚಲಿಗೆ ಅರ್ಧ ಗಂಟೆ ಸಾಕಾಯಿತು. ಅಪ್ಪ ಬಿದ್ದು ಐದು ವಾರವಾದರೂ ಆ ಅಂಚು ಹಾಗೇ ಬಾಯಿ ಬಿಟ್ಟುಕೊಂಡಿದೆ. ತಪ್ಪು ಕಾರ್ಮಿಕನದ್ದೇ ಎಂದು ತಾವು ಬರೆದುಕೊಟ್ಟ ಮೇಲೆ ಕಂಬಿ ಹಾಕಿಸುವ ಉಸಾಬರಿ ಯಾರಿಗೆ ಬೇಕು?

ಸೋಮವಾರದಿಂದ ಅದೇ ಮಹಡಿಗೆ ಅಮ್ಮ ಗಾರೆ ಹೊರಲು ಹೋಗುತ್ತಾಳೆ. ಬೇಡ ಅಂದೆ.

“ನಾನು ಗೋಡೆ ಹಿಡ್ಕೊಂಡೇ ಓಡಾಡ್ತೀನಿ ಕಣೇ, ನೀನು ಓದ್ಕೋ.”

“ಅಮ್ಮ, ಆ ಕಡೆ ಗೋಡೆನೇ ಇಲ್ವಲ್ಲ.”

ಅಮ್ಮ ಪಾತ್ರೆ ತೊಳೆಯುತ್ತಲೇ ಇದ್ದಳು.

ನಮಗೆ ಸಂತಾಪ ಬೇಡ, ಸುರಕ್ಷತೆಯ ಕರಪತ್ರವೂ ಬೇಡ. ಕೆಲಸ ಶುರುವಾಗುವುದು ಬೆಳಿಗ್ಗೆ ಎಂಟಕ್ಕೆ. ಅದಕ್ಕೆ ಮೊದಲು ಆ ಅಂಚಿಗೆ ಕಂಬಿ ಹಾಕಿಸಿ, ಇಲ್ಲವೇ ಕೆಲಸ ನಿಲ್ಲಿಸಿ. ಎರಡೂ ಆಗದಿದ್ದರೆ ತಾವೇ ಬನ್ನಿ. ತಲೆಯ ಮೇಲೆ ಗಾರೆ ತುಂಬಿದ ಬಾಂಡ್ಲಿ ಹೊತ್ತು, ಅಮ್ಮನಿಗಿಂತ ಮೊದಲು, ಅಲ್ಲಿ ಒಮ್ಮೆ ನಡೆದು ತೋರಿಸಿ.

ಇಂತಿ,
ಸೋಮವಾರ ಫೋನನ್ನು ಹೊರಗಿಟ್ಟು ಕ್ಲಾಸಿನೊಳಗೆ ಕೂರಬೇಕಾದ,
ಆ ಇಬ್ಬರ ಮಗಳು